ಮೇಡಂ ಕ್ಲಾಸು: ಇಂಗ್ಲಿಷ್ ಕ್ರಿಯಾವಿಶೇಷಣಕ್ಕೆ ಜಾಗ ತೋರಿಸುವ ಕಾರವಾರದ ಸಂಜೆ ತರಗತಿ

ಕಾರವಾರದ ಕಾಜುಬಾಗದಲ್ಲಿ ಒಂದು ಮನೆಯ ಮಹಡಿಯ ಮೇಲೆ ನಡೆಯುವ ಈ ಸಂಜೆ ತರಗತಿಗೆ ಫಲಕವಿಲ್ಲ, ಜಾಹೀರಾತಿಲ್ಲ, ಇಟ್ಟ ಹೆಸರೂ ಇಲ್ಲ. ನಿವೃತ್ತ ಹೈಸ್ಕೂಲ್ ಶಿಕ್ಷಕಿಯೊಬ್ಬರು ನಡೆಸುತ್ತಿರುವುದರಿಂದ ಬರುವವರೆಲ್ಲ ಅದನ್ನು ‘ಮೇಡಂ ಕ್ಲಾಸು’ ಎಂದೇ ಕರೆಯುತ್ತಾರೆ. ವಾರಕ್ಕೆ ಮೂರು ಸಂಜೆ, ಆರರಿಂದ ಏಳೂವರೆವರೆಗೆ. ಶುಲ್ಕ ತಿಂಗಳಿಗೆ 800 ರೂಪಾಯಿ, ಅಭ್ಯಾಸ ಪುಸ್ತಕಕ್ಕೆ ಪ್ರತ್ಯೇಕವಾಗಿ 150. ಮಾತನಾಡುವ ಇಂಗ್ಲಿಷ್ ಕಲಿಸುತ್ತೇವೆಂದು ಹೇಳಿಕೊಳ್ಳುವ ತರಗತಿ ಇದಲ್ಲ. ಕೆಲಸದ ಮೇಜಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಪತ್ರ, ವರದಿ, ಟಿಪ್ಪಣಿ ಬರೆಯಬೇಕಾದವರಿಗೆ ವ್ಯಾಕರಣದ ಒಂದೊಂದೇ ಗಂಟನ್ನು ತೆಗೆದುಕೊಂಡು ನಿಧಾನವಾಗಿ ಬಿಡಿಸಿ ತೋರಿಸುವ ತರಗತಿ. ನಾನು ಒಂದು ಬ್ಯಾಚ್ ಪೂರ್ತಿಯಾಗಿ ಕೂತು ಮುಗಿಸಿದ್ದೇನೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಪಾಠಕ್ಕೂ ಪುಸ್ತಕಕ್ಕೂ ನಡುವೆ ಒಂದು ದೊಡ್ಡ ಬಿರುಕಿದೆ, ಅದನ್ನು ಸೇರುವ ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಇಡೀ ಬ್ಯಾಚಿನಲ್ಲಿ ಅತ್ಯಂತ ಗಟ್ಟಿಯಾದ ಭಾಗವೆಂದರೆ ಮೋಡಲ್ ಪರ್ಫೆಕ್ಟ್ ಕ್ರಿಯಾಪದಗಳ ಜೊತೆ ಕ್ರಿಯಾವಿಶೇಷಣ (ಆ್ಯಡ್‌ವರ್ಬ್, ಅಂದರೆ ‘ಬಹುಶಃ’, ‘ಸರಿಯಾಗಿ’ಯಂಥ ಪದ) ಹೇಗೆ ಕೂಡಿಕೊಳ್ಳುತ್ತದೆ ಎಂಬ ಪಾಠ, ಆದ್ದರಿಂದ ಈ ಬರಹವನ್ನು ಅದಕ್ಕೇ ಮೀಸಲಿಡುತ್ತೇನೆ. ಮಸ್ಟ್, ಮೇ, ಮೈಟ್, ಕುಡ್, ಶುಡ್, ವುಡ್ ಮುಂತಾದ ಒಂದು ಮೋಡಲ್ (ಊಹೆ, ಸಾಧ್ಯತೆ, ಕರ್ತವ್ಯ ಸೂಚಿಸುವ ಸಹಾಯಕ ಕ್ರಿಯಾಪದ), ಅದರ ಹಿಂದೆ ‘ಹ್ಯಾವ್’, ಅದರ ಹಿಂದೆ ನಾವು ಶಾಲೆಯಲ್ಲಿ ‘ವಿ-ತ್ರೀ’ ಎಂದು ಕಲಿತ ಕ್ರಿಯಾರೂಪ: ಇಷ್ಟು ಸೇರಿದರೆ ಮೋಡಲ್ ಪರ್ಫೆಕ್ಟ್. ಕರ್ಮಣಿ ಪ್ರಯೋಗವಾದರೆ ನಡುವೆ ‘ಬೀನ್’ ಕೂಡ ಬಂದು ಕೂರುತ್ತದೆ. ಕನ್ನಡದಲ್ಲಿ ಈ ಕೆಲಸವನ್ನೆಲ್ಲ ‘ಹೋಗಿರಬೇಕು’, ‘ಹೋಗಬಹುದಿತ್ತು’, ‘ಹೋಗಿರಲಿಕ್ಕಿಲ್ಲ’ ಎಂಬ ಒಂದೊಂದೇ ಪದ ಮುಗಿಸಿಬಿಡುತ್ತದೆ. ಅದರ ಹೊಟ್ಟೆಯೊಳಗೆ ‘ಬಹುಶಃ’ ಎಂಬ ಪದವನ್ನು ತುರುಕಲು ಸಾಧ್ಯವೇ ಇಲ್ಲ. ಇಂಗ್ಲಿಷಿನ ಕ್ರಿಯಾಪದ ಮೂರು ನಾಲ್ಕು ಬಿಡಿ ತುಂಡುಗಳಾಗಿ ಹರಡಿಕೊಂಡಿರುವುದರಿಂದ ತುಂಡು ತುಂಡಿನ ನಡುವೆ ಸಂದು ಇದೆ, ಯಾವ ಸಂದಿಗೆ ಯಾವ ಪದ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ನಮ್ಮ ಜಿಲ್ಲೆಯ ಕಚೇರಿಗಳಿಂದ ಹೊರಡುವ ಇಂಗ್ಲಿಷ್ ಪತ್ರಗಳಲ್ಲಿ ಕ್ರಿಯಾವಿಶೇಷಣಗಳೆಲ್ಲ ವಾಕ್ಯದ ತಲೆಯಲ್ಲೋ ಬಾಲದಲ್ಲೋ ಗುಂಪುಗೂಡಿರುವುದಕ್ಕೆ ಇದೇ ಕಾರಣವೆಂದು ಮೇಡಂ ಮೊದಲ ದಿನವೇ ಹೇಳಿದರು. ನಾನು ದಿನವೂ ನೋಡುವ ಕಡತಗಳು ಅವರ ಮಾತನ್ನೇ ಸಮರ್ಥಿಸುತ್ತವೆ.

ಪಾಠದ ಸಾಧನ ತೀರಾ ಸರಳವಾದದ್ದು. ಕರಿಹಲಗೆಯ ಅಡ್ಡಕ್ಕೆ ಒಂದು ನೈಲಾನ್ ಹಗ್ಗ, ಅದಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಸಿಕ್ಕಿಸಿದ ರಟ್ಟಿನ ತುಂಡುಗಳು. ‘ದ ಬೋಟ್ಸ್’ ಒಂದು ರಟ್ಟು, ‘ಶುಡ್’ ಒಂದು, ‘ಹ್ಯಾವ್’ ಒಂದು, ‘ಬೀನ್’ ಒಂದು, ‘ಇನ್‌ಸ್ಪೆಕ್ಟೆಡ್’ ಒಂದು. ಕೆಂಪು ಶಾಯಿಯಲ್ಲಿ ‘ಪ್ರಾಪರ್ಲಿ’ ಎಂದು ಬರೆದ ಆರನೆಯ ರಟ್ಟನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು, ಒಂದೊಂದು ಸಂದಿಗೂ ಸಿಕ್ಕಿಸಿ ಗಟ್ಟಿಯಾಗಿ ಓದಲು ಹೇಳುತ್ತಾರೆ. ‘ದ ಬೋಟ್ಸ್ ಶುಡ್ ಹ್ಯಾವ್ ಬೀನ್ ಪ್ರಾಪರ್ಲಿ ಇನ್‌ಸ್ಪೆಕ್ಟೆಡ್’ ಎಂದರೆ ತಪಾಸಣೆ ಸರಿಯಾಗಿ ನಡೆಯಬೇಕಿತ್ತು, ನಡೆದದ್ದು ಕಾಟಾಚಾರದ್ದು ಎಂಬ ಅರ್ಥ. ಅದೇ ಕೆಂಪು ರಟ್ಟನ್ನು ಎರಡು ಸಂದು ಎಡಕ್ಕೆ ಸರಿಸಿ ‘ಶುಡ್ ಪ್ರಾಪರ್ಲಿ ಹ್ಯಾವ್ ಬೀನ್ ಇನ್‌ಸ್ಪೆಕ್ಟೆಡ್’ ಎಂದರೆ ನ್ಯಾಯವಾಗಿ ನೋಡಿದರೆ ತಪಾಸಣೆ ಆಗಲೇಬೇಕಿತ್ತು ಎಂಬ ಕಡೆಗೆ ಅರ್ಥ ವಾಲುತ್ತದೆ. ತಪಾಸಣೆ ಹೇಗೆ ನಡೆಯಿತು ಎಂಬ ಪ್ರಶ್ನೆಯೇ ಅಲ್ಲಿಲ್ಲ. ರಟ್ಟು ಸರಿದದ್ದು ಒಂದು ಗೇಣು. ಮೀನುಗಾರಿಕೆಗೆ ಸಂಬಂಧಿಸಿದ ಕಚೇರಿಯಿಂದ ಬರುತ್ತಿದ್ದ ಒಬ್ಬ ಸಹಪಾಠಿ ಅದನ್ನು ನೋಡಿ, ಹಾಗಾದರೆ ಮೊದಲನೆಯ ವಾಕ್ಯದಲ್ಲಿ ಆಪಾದನೆ ತಪಾಸಣೆ ಮಾಡಿದವನ ಮೇಲೆ, ಎರಡನೆಯದರಲ್ಲಿ ಮಾಡದೇ ಬಿಟ್ಟವನ ಮೇಲೆ ಎಂದರು. ಮೇಡಂ ಆ ದಿನ ಬೇರೆ ವಿವರಣೆ ಕೊಡಲಿಲ್ಲ.

ಇದರಿಂದ ಅವರು ಎಳೆಯುವ ಸೂತ್ರ ಚಿಕ್ಕದು. ಬರೆಯುವವನ ಅಭಿಪ್ರಾಯವನ್ನು, ಅಂದರೆ ನಂಬಿಕೆ, ಸಂಶಯ, ಖಚಿತತೆ ಇತ್ಯಾದಿಗಳನ್ನು ಹೇಳುವ ಪದಕ್ಕೆ ಮೋಡಲ್ಲಿನ ಆಸುಪಾಸೇ ಮನೆ. ಕ್ರಿಯೆ ನಡೆದ ಬಗೆಯನ್ನೋ ಪ್ರಮಾಣವನ್ನೋ ಹೇಳುವ ಪದಕ್ಕೆ ಮುಖ್ಯ ಕ್ರಿಯಾಪದದ ಪಕ್ಕ ಜಾಗ. ‘ಪ್ರಾಬಬ್ಲಿ’, ‘ಸರ್ಟನ್ಲಿ’, ‘ಶೂರ್ಲಿ’ ಮೊದಲ ಗುಂಪಿನವು. ‘ಬ್ಯಾಡ್ಲಿ’, ‘ಕಂಪ್ಲೀಟ್ಲಿ’, ‘ಕೇರ್‌ಫುಲ್ಲಿ’ ಎರಡನೆಯ ಗುಂಪಿನವು. ಎರಡೂ ಗುಂಪಿಗೆ ಸಲ್ಲುವ ಪದಗಳಲ್ಲೇ ಮಜಾ ಇರುವುದು. ನಮ್ಮ ದೇವಗಡ ದ್ವೀಪದ ದೀಪಸ್ತಂಭವನ್ನು ಇಟ್ಟುಕೊಂಡು ಅವರು ಮಾಡಿದ ವಾಕ್ಯ ಇದು: ‘ಹಿ ಮಸ್ಟ್ ಕ್ಲಿಯರ್ಲಿ ಹ್ಯಾವ್ ಸೀನ್ ದ ಲೈಟ್’. ಇದರಲ್ಲಿ ಸ್ಪಷ್ಟವಾಗಿರುವುದು ನಮ್ಮ ತರ್ಕ: ಆತ ಬೆಳಕನ್ನು ನೋಡಿರಲೇಬೇಕು ಎಂಬುದರಲ್ಲಿ ಅನುಮಾನವಿಲ್ಲ. ‘ಹಿ ಮಸ್ಟ್ ಹ್ಯಾವ್ ಸೀನ್ ದ ಲೈಟ್ ಕ್ಲಿಯರ್ಲಿ’ ಎಂದಾಗ ಸ್ಪಷ್ಟವಾಗಿರುವುದು ಬೆಳಕು. ಮಬ್ಬು, ಮಳೆ ಇದ್ದ ರಾತ್ರಿಯ ಬಗ್ಗೆ ವಿಚಾರಣೆಯ ವರದಿ ಬರೆಯುವಾಗ ಎರಡರಲ್ಲಿ ಯಾವುದನ್ನು ಬರೆದೆ ಎಂಬುದು ಸಣ್ಣ ವಿಷಯವಲ್ಲ.

ಆದರೆ ಎಲ್ಲ ಪದಕ್ಕೂ ಈ ಪರಿಯ ಪರಿಣಾಮವಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ‘ದ ಟ್ರೇನ್ ಮಸ್ಟ್ ಆಲ್ರೆಡಿ ಹ್ಯಾವ್ ಲೆಫ್ಟ್ ಅಂಕೋಲಾ’ ಎಂದರೂ ‘ಮಸ್ಟ್ ಹ್ಯಾವ್ ಆಲ್ರೆಡಿ ಲೆಫ್ಟ್’ ಎಂದರೂ ಗಾಡಿ ಬಿಟ್ಟದ್ದು ಬಿಟ್ಟದ್ದೇ. ‘ಕುಡ್ ಈಸಿಲಿ ಹ್ಯಾವ್ ವನ್’ ಮತ್ತು ‘ಕುಡ್ ಹ್ಯಾವ್ ಈಸಿಲಿ ವನ್’ ಎರಡೂ ಬಳಕೆಯಲ್ಲಿವೆ. ಮೊದಲನೆಯದು ಲಿಖಿತ ಶೈಲಿಗೆ, ಅದರಲ್ಲೂ ಬ್ರಿಟಿಷರ ಲಿಖಿತ ಶೈಲಿಗೆ ಹೆಚ್ಚು ಒಗ್ಗುತ್ತದೆ, ಎರಡನೆಯದು ಅಮೆರಿಕನ್ನರ ಬಾಯಲ್ಲಿ ಸಲೀಸು. ಇದಕ್ಕೆ ಅವರು ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿತು. ಮಾತಿನಲ್ಲಿ ‘ಕುಡ್ ಹ್ಯಾವ್’ ಎಂಬುದು ಒಂದಕ್ಕೊಂದು ಅಂಟಿಕೊಂಡು ‘ಕುಡ್’ವ್’ ಎಂದಾಗುತ್ತದೆ. ಹಾಗೆ ಅಂಟಿಕೊಂಡ ಮೇಲೆ ನಡುವೆ ಪದ ಹಾಕಲು ಸಂದೇ ಉಳಿಯುವುದಿಲ್ಲ, ಕ್ರಿಯಾವಿಶೇಷಣ ತಾನಾಗಿ ಅದರ ಆಚೆಗೆ ಹೋಗಿ ಬೀಳುತ್ತದೆ. ಬರೆಯುವವನಿಗೆ ಆ ಅವಸರವಿಲ್ಲದಿರುವುದರಿಂದ ಸಂದು ತೆರೆದೇ ಇರುತ್ತದೆ. ಇಂಗ್ಲಿಷೇ ಮನೆಮಾತಾದ ಮಕ್ಕಳು ‘ಕುಡ್ ಹ್ಯಾವ್’ ಬದಲು ‘ಕುಡ್ ಆಫ್’ ಎಂದು ತಪ್ಪಾಗಿ ಬರೆಯುವುದೂ ಈ ಅಂಟಿನ ಫಲವೇ. ಕಿವಿಯಿಂದ ಇಂಗ್ಲಿಷ್ ಕಲಿಯದ ನಮ್ಮವರಲ್ಲಿ ಆ ತಪ್ಪು ಅಷ್ಟಾಗಿ ಕಾಣುವುದಿಲ್ಲ ಎಂಬುದೊಂದು ಸಮಾಧಾನ.

ಕ್ರಿಯಾಪದದ ತುಂಡುಗಳ ನಡುವೆ ಪದ ತೂರಿಸಬಾರದು ಎಂದು ಹಳೆಯ ಕೆಲವು ಮೇಷ್ಟ್ರುಗಳು ಕಲಿಸಿದ ನಿಯಮವನ್ನು ನಂಬಿಕೊಂಡು ಬಂದವರು ನಮ್ಮ ಬ್ಯಾಚಿನಲ್ಲೂ ಇದ್ದರು. ಅವರಿಗೆ ಮೇಡಂ ಹೇಳಿದ ಉದಾಹರಣೆ ಮೋಡಲ್ ಪರ್ಫೆಕ್ಟಿನದಲ್ಲ, ಬರಿಯ ಮೋಡಲ್ಲಿನದು, ಆದರೂ ಇಲ್ಲಿ ಹೇಳುವಂಥದ್ದು. 2009ರ ಜನವರಿ 20ರಂದು ಬರಾಕ್ ಒಬಾಮಾ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವಾಗ, ಸಂವಿಧಾನದಲ್ಲಿ ‘ವಿಲ್ ಫೇತ್‌ಫುಲ್ಲಿ ಎಕ್ಸಿಕ್ಯೂಟ್’ ಎಂದಿರುವುದನ್ನು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ‘ಫೇತ್‌ಫುಲ್ಲಿ’ಯನ್ನು ಕೊನೆಗೆ ತಳ್ಳಿ ಹೇಳಿಕೊಟ್ಟರು, ಒಬಾಮಾ ತಡವರಿಸಿ ನಿಂತರು. ಯಾವ ಸಂಶಯಕ್ಕೂ ಎಡೆಯಿರಬಾರದೆಂದು ಮರುದಿನ ಶ್ವೇತಭವನದಲ್ಲಿ ಪ್ರಮಾಣವಚನವನ್ನು ಇನ್ನೊಮ್ಮೆ ಬೋಧಿಸಲಾಯಿತು. ತುಂಡುಗಳ ನಡುವೆ ಕ್ರಿಯಾವಿಶೇಷಣ ಬರಬಾರದೆಂಬ ಮೂಢನಂಬಿಕೆಯೇ ರಾಬರ್ಟ್ಸ್ ಅವರ ನಾಲಿಗೆಯನ್ನು ಎಳೆದಿರಬೇಕು ಎಂದು ಭಾಷಾಶಾಸ್ತ್ರಜ್ಞ ಸ್ಟೀವನ್ ಪಿಂಕರ್ ಆಗ ಬರೆದರು. ಅದು ಒಂದು ಊಹೆ, ಬರಿಯ ಬಾಯಿತಪ್ಪೂ ಆಗಿರಬಹುದು. ಆದರೆ ಆ ನಿಯಮಕ್ಕೆ ಆಧಾರವಿಲ್ಲ ಎಂಬುದಂತೂ ನಿಜ, ಮೋಡಲ್ಲಿನ ಬೆನ್ನಿಗೇ ಇರುವ ಸಂದು ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣದ ಅತ್ಯಂತ ಸಹಜವಾದ ಜಾಗಗಳಲ್ಲಿ ಒಂದು.

ತರಗತಿಯ ನಿಜವಾದ ಬೆಲೆ ಗೊತ್ತಾಗುವುದು ವಿದ್ಯಾರ್ಥಿಗಳು ತಂದ ಬರಹಗಳನ್ನು ಹಲಗೆಯ ಮೇಲೆ ಇಟ್ಟಾಗ. ಹೆಸರು, ಊರು ಅಳಿಸಿ ತರಬೇಕೆಂಬ ಕಟ್ಟಳೆ ಇದೆ. ಮೀನು ಕಳುಹಿಸುವ ಒಂದು ವ್ಯಾಪಾರದ ಗುಮಾಸ್ತರು ತಂದ ಪತ್ರದಲ್ಲಿ ಹೀಗಿತ್ತು: ‘ಪ್ರಾಬಬ್ಲಿ ದ ಐಸ್ ಮಸ್ಟ್ ಹ್ಯಾವ್ ಮೆಲ್ಟೆಡ್ ಬಿಫೋರ್ ಲೋಡಿಂಗ್ ಕಂಪ್ಲೀಟ್ಲಿ’. ಈ ಒಂದು ವಾಕ್ಯದ ಮೇಲೆ ಒಂದು ಸಂಜೆ ಪೂರ್ತಿ ಕಳೆಯಿತು. ‘ಕಂಪ್ಲೀಟ್ಲಿ’ ತನ್ನ ಕ್ರಿಯಾಪದವನ್ನು ಬಿಟ್ಟು ‘ಲೋಡಿಂಗ್’ ಪಕ್ಕ ಹೋಗಿ ಕೂತಿರುವುದರಿಂದ, ಕರಗಿದ್ದು ಪೂರ್ತಿಯೋ ಲೋಡ್ ಮಾಡಿದ್ದು ಪೂರ್ತಿಯೋ ಎಂಬುದು ಓದುವವನಿಗೆ ತಿಳಿಯುವುದಿಲ್ಲ. ‘ಮಸ್ಟ್ ಹ್ಯಾವ್ ಕಂಪ್ಲೀಟ್ಲಿ ಮೆಲ್ಟೆಡ್’ ಎಂದು ತಂದರೆ ಆ ಗೊಂದಲ ಹೋಯಿತು. ನಿಜವಾದ ತೊಡಕು ಇದ್ದದ್ದು ‘ಪ್ರಾಬಬ್ಲಿ’ಯಲ್ಲಿ. ‘ಬಹುಶಃ ಐಸು ಕರಗಿರಬೇಕು’ ಎಂಬುದು ನಮ್ಮ ಬಾಯಲ್ಲಿ ನೆಟ್ಟಗಿರುವ ಮಾತು, ಏಕೆಂದರೆ ನಮ್ಮ ‘ಇರಬೇಕು’ ಊಹೆಗೂ ಬರುತ್ತದೆ, ಬಲವಾದ ಊಹೆಗೂ ಬರುತ್ತದೆ, ಎಷ್ಟು ಬಲ ಎಂಬುದನ್ನು ಜೊತೆಗಿರುವ ಪದ ತೀರ್ಮಾನಿಸುತ್ತದೆ. ಇಂಗ್ಲಿಷಿನ ‘ಮಸ್ಟ್ ಹ್ಯಾವ್’ ಅಷ್ಟು ಸಡಿಲವಲ್ಲ. ಬೇರೆ ದಾರಿಯೇ ಇಲ್ಲ ಎಂಬ ತೀರ್ಮಾನ ಅದರಲ್ಲೇ ಇದೆ. ಅದರ ಪಕ್ಕದಲ್ಲಿ ‘ಪ್ರಾಬಬ್ಲಿ’ ಇಟ್ಟರೆ ಒಂದು ಕೈ ಮುಂದೆ ನೂಕುತ್ತದೆ, ಇನ್ನೊಂದು ಹಿಂದೆ ಎಳೆಯುತ್ತದೆ. ಐಸು ಕರಗಿದ್ದು ಖಚಿತವೆಂದಾದರೆ ‘ಮಸ್ಟ್ ಹ್ಯಾವ್’ ಒಂದೇ ಸಾಕು, ಬೇಕಿದ್ದರೆ ‘ಮಸ್ಟ್ ಸರ್ಟನ್ಲಿ ಹ್ಯಾವ್’. ಖಚಿತವಿಲ್ಲದಿದ್ದರೆ ಮೋಡಲ್ಲನ್ನೇ ಕೈಬಿಟ್ಟು ‘ದ ಐಸ್ ಹ್ಯಾಡ್ ಪ್ರಾಬಬ್ಲಿ ಮೆಲ್ಟೆಡ್’ ಎನ್ನಬೇಕು. ಸರಕು ಕೆಟ್ಟಿದೆ ಎಂದು ದೂರಿದ ಖರೀದಿದಾರನಿಗೆ ಹೋಗುವ ಉತ್ತರದಲ್ಲಿ ಈ ಎರಡರ ನಡುವಿನ ಅಂತರ ರೂಪಾಯಿಯಲ್ಲಿ ಅಳೆಯುವಂಥದ್ದು ಎಂದು ಗುಮಾಸ್ತರೇ ಹೇಳಿದರು.

ಒಂದೇ ದಿಕ್ಕಿಗೆ ನಡೆಯುವ ಮೋಡಲ್ ಮತ್ತು ಕ್ರಿಯಾವಿಶೇಷಣದ ಜೋಡಿಗಳನ್ನು ಬ್ರಿಟಿಷ್ ಭಾಷಾಶಾಸ್ತ್ರಜ್ಞ ಜಾನ್ ಲಯನ್ಸ್ 1977ರಲ್ಲಿ ‘ಹಾರ್ಮೋನಿಕ್’ ಎಂದು ಕರೆದರು. ‘ಮೇ ಪಾಸಿಬ್ಲಿ ಹ್ಯಾವ್’, ‘ಮೈಟ್ ಪರ್‌ಹ್ಯಾಪ್ಸ್ ಹ್ಯಾವ್’, ‘ಮಸ್ಟ್ ಶೂರ್ಲಿ ಹ್ಯಾವ್’ ಇವೆಲ್ಲ ಶ್ರುತಿ ಕೂಡಿದ ಜೋಡಿಗಳು. ಎರಡು ಪದ ಇದ್ದರೂ ಅಭಿಪ್ರಾಯ ಒಂದೇ, ಅದನ್ನೇ ಎರಡು ಸಲ ಹೇಳಿದಂತೆ. ‘ಮಸ್ಟ್ ಪಾಸಿಬ್ಲಿ ಹ್ಯಾವ್’ ಅಪಸ್ವರ. ಲಯನ್ಸ್ ಹೆಸರು ಹೇಳಿ ಪಾಠವನ್ನು ಭಾರ ಮಾಡದೆ, ಎರಡು ಪದಗಳೂ ಒಂದೇ ಕಡೆ ಮುಖ ಮಾಡಿವೆಯೇ ನೋಡಿ ಎಂದಷ್ಟೇ ಹೇಳಿ ಮುಂದೆ ಹೋಗಿದ್ದರೂ ಸಾಕಾಗುತ್ತಿತ್ತು, ಆದರೆ ಮೇಡಂ ಅವರಿಗೆ ಮೂಲವನ್ನು ಹೇಳದೆ ಮುಂದೆ ಹೋಗುವ ಅಭ್ಯಾಸವಿಲ್ಲ.

ಈ ಜೋಡಿಗಳಲ್ಲಿ ನಮ್ಮವರು ಬಳಸದೇ ಬಿಟ್ಟಿರುವ ಒಂದು ಪದವೆಂದರೆ ‘ವೆಲ್’. ‘ಹಿ ಮೇ ವೆಲ್ ಹ್ಯಾವ್ ಗಾನ್’ ಎಂದರೆ ಆತ ಚೆನ್ನಾಗಿ ಹೋದ ಎಂದಲ್ಲ. ‘ಹೋಗಿದ್ದರೂ ಹೋಗಿರಬಹುದು’ ಎಂದು ನಾವು ತಲೆ ಓರೆ ಮಾಡಿ ಹೇಳುತ್ತೇವಲ್ಲ, ಸರಿಯಾಗಿ ಅದೇ. ಈ ‘ವೆಲ್’ ಮೇ, ಮೈಟ್, ಕುಡ್ ಮೂರರ ಜೊತೆ ಸಲೀಸಾಗಿ ಹೊಂದುತ್ತದೆ, ಮಸ್ಟ್ ಜೊತೆ ಹೊಂದುವುದಿಲ್ಲ, ಮತ್ತು ಮೋಡಲ್ಲಿನ ಬೆನ್ನಿಗೇ ಇರಬೇಕು. ಅದನ್ನು ಕೊನೆಗೆ ಕಳಿಸಿ ‘ಮೇ ಹ್ಯಾವ್ ಗಾನ್ ವೆಲ್’ ಎಂದರೆ ಕೆಲಸ ಚೆನ್ನಾಗಿ ಆಗಿರಬಹುದು ಎಂಬ ಬೇರೆಯೇ ಅರ್ಥ. ಅದಕ್ಕೆ ಒಂದು ‘ಆ್ಯಸ್’ ಸೇರಿಸಿದರೆ ಇನ್ನೂ ಬೇರೆ: ದೇವಿಮನೆ ಘಟ್ಟದಲ್ಲಿ ಬಸ್ಸು ತೆವಳುವಾಗ ‘ವಿ ಮೈಟ್ ಆ್ಯಸ್ ವೆಲ್ ಹ್ಯಾವ್ ವಾಕ್ಡ್’ ಎಂದರೆ ‘ನಡೆದೇ ಬಂದಿದ್ದರೂ ಆಗುತ್ತಿತ್ತು’ ಎಂಬ ಗೊಣಗಾಟ. ಈ ಎರಡನ್ನೂ ಕನ್ನಡದ ಮಾತಿನ ಧಾಟಿಗೆ ಕೂಡಿಸಿ ಕಲಿಸಿದ್ದರಿಂದ ನಮಗೆ ಗಟ್ಟಿ ಮಾಡಬೇಕಾದ ಪಟ್ಟಿ ಬೇಕಾಗಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಕುಡ್ ಹ್ಯಾವ್’ ಮೇಲಿನ ಪಾಠ. ‘ಬಂದಿರಬಹುದು’ ಮತ್ತು ‘ಬರಬಹುದಿತ್ತು’ ಕನ್ನಡದಲ್ಲಿ ಎರಡು ಬೇರೆ ಮಾತುಗಳು. ಮೊದಲನೆಯದರಲ್ಲಿ ಬಂದನೋ ಇಲ್ಲವೋ ಗೊತ್ತಿಲ್ಲ. ಎರಡನೆಯದರಲ್ಲಿ ಬರಲಿಲ್ಲ ಎಂಬುದು ಗೊತ್ತಿದೆ, ಅದರ ಕೊರಗೂ ಇದೆ. ಇಂಗ್ಲಿಷಿನ ‘ಹಿ ಕುಡ್ ಹ್ಯಾವ್ ಕಮ್’ ಎರಡಕ್ಕೂ ಸಲ್ಲುತ್ತದೆ. ಸಂದರ್ಭ ಇಲ್ಲದ ಕಡೆ ಈ ಗೊಂದಲವನ್ನು ಬಿಡಿಸುವ ಕೆಲಸ ಅನೇಕ ಸಲ ಕ್ರಿಯಾವಿಶೇಷಣದ್ದೇ. ‘ಕುಡ್ ಪಾಸಿಬ್ಲಿ ಹ್ಯಾವ್ ಕಮ್’ ಎಂದರೆ ಓದುಗ ಸಾಮಾನ್ಯವಾಗಿ ‘ಬಂದಿರಬಹುದು’ ಎಂಬ ಕಡೆಗೆ ಹೋಗುತ್ತಾನೆ. ‘ಕುಡ್ ಈಸಿಲಿ ಹ್ಯಾವ್ ಕಮ್’ ಎಂದರೆ ‘ಬರಲಿಕ್ಕೆ ಏನೂ ಕಷ್ಟವಿರಲಿಲ್ಲ, ಬರಲಿಲ್ಲ’ ಎಂಬ ಕಡೆಗೆ. ‘ಆ್ಯಟ್ ಲೀಸ್ಟ್’ ಸೇರಿಸಿದರಂತೂ ಸಂಶಯವೇ ಉಳಿಯುವುದಿಲ್ಲ: ‘ಯು ಮೈಟ್ ಆ್ಯಟ್ ಲೀಸ್ಟ್ ಹ್ಯಾವ್ ಫೋನ್ಡ್’ ಎಂಬುದು ‘ಒಂದು ಫೋನಾದರೂ ಮಾಡಬಹುದಿತ್ತು’ ಎಂಬ ನೇರ ಆಕ್ಷೇಪ. ಅನುಮಾನ ಸೂಚಿಸುವ ಮೋಡಲ್ಲು ಒಂದು ಚಿಕ್ಕ ಪದದಿಂದ ಆಕ್ಷೇಪವಾಗಿ ಬದಲಾಗುವುದನ್ನು ಮೊದಲ ಸಲ ಗಮನಿಸಿದವರ ಮುಖಗಳನ್ನು ನೋಡುವಂತಿತ್ತು.

ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದದ್ದು ಇಲ್ಲಿಯ ಎಲ್ಲರಿಗೂ ಗೊತ್ತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಜೀವಂತವಾಗಿ ಮೇಲಕ್ಕೆತ್ತಲಾಯಿತು. ಆ ಘಟನೆಯನ್ನು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಕೊಟ್ಟಾಗ ಕರ್ಮಣಿ ಪ್ರಯೋಗದ ಸಂದುಗಳು ಎಷ್ಟು ಸೂಕ್ಷ್ಮ ಎಂಬುದು ಗೊತ್ತಾಯಿತು. ‘ದ ಡ್ರೈವರ್ ಕುಡ್ ಈಸಿಲಿ ಹ್ಯಾವ್ ಬೀನ್ ಕಿಲ್ಡ್’ ಎಂದರೆ ಆತ ಸಾಯುವ ಸಂಭವ ಬಹಳ ಇತ್ತು, ಕೂದಲೆಳೆಯಲ್ಲಿ ಪಾರಾದ. ‘ಕುಡ್ ಹ್ಯಾವ್ ಬೀನ್ ಈಸಿಲಿ ಕಿಲ್ಡ್’ ಎಂದು ಬರೆದರೆ, ಯಾರಾದರೂ ಕೊಲ್ಲಲು ಹೊರಟಿದ್ದರೆ ಆ ಕೆಲಸ ಸುಲಭವಿತ್ತು ಎಂಬ ವಿಚಿತ್ರ ಛಾಯೆ ಬರುತ್ತದೆ. ಬ್ಯಾಚಿನ ಬಹುತೇಕರು ಬರೆದದ್ದು ಎರಡನೆಯದನ್ನೇ. ‘ಬೀನ್’ ಆದ ಮೇಲೆ ಕ್ರಿಯಾವಿಶೇಷಣ ಎಂದು ಒಮ್ಮೆ ಕೈ ಕೂತರೆ ಎಲ್ಲವೂ ಅಲ್ಲಿಗೇ ಹೋಗುತ್ತವೆ.

ಕಾಲವಾಚಕ ಪದಗಳ ವಿಷಯದಲ್ಲಿ ಈ ತರಗತಿ ಒಂದು ಹಳೆಯ ಭಯವನ್ನು ತೆಗೆದುಹಾಕುತ್ತದೆ. ‘ಹ್ಯಾಸ್ ಲೆಫ್ಟ್ ಯೆಸ್ಟರ್‌ಡೇ’ ತಪ್ಪು ಎಂದು ಶಾಲೆಯಲ್ಲಿ ಎಷ್ಟು ಬಲವಾಗಿ ಕಲಿಸಿದ್ದಾರೆಂದರೆ, ‘ಹ್ಯಾವ್’ ಕಂಡಲ್ಲೆಲ್ಲ ‘ಯೆಸ್ಟರ್‌ಡೇ’ಯನ್ನು ಹೊಡೆದುಹಾಕುವವರಿದ್ದಾರೆ. ಆದರೆ ‘ದ ಲಾರಿ ಮಸ್ಟ್ ಹ್ಯಾವ್ ರೀಚ್ಡ್ ಹುಬ್ಳಿ ಯೆಸ್ಟರ್‌ಡೇ’ ಪೂರ್ತಿ ಸರಿ. ಮೋಡಲ್ಲಿನ ಹಿಂದೆ ನೇರವಾಗಿ ಭೂತಕಾಲದ ರೂಪ ಬರುವಂತಿಲ್ಲ, ‘ಮಸ್ಟ್ ರೀಚ್ಡ್’ ಎನ್ನಲಾಗುವುದಿಲ್ಲ. ಆದ್ದರಿಂದ ಅಲ್ಲಿ ‘ಹ್ಯಾವ್’ ಭೂತಕಾಲದ ಹೊಣೆಯನ್ನೂ ಹೊರುತ್ತದೆ, ನಿನ್ನೆ, ಮೊನ್ನೆ, ಹೋದ ವರ್ಷ ಯಾವುದಕ್ಕೂ ಅಡ್ಡಿಯಿಲ್ಲ. ಹಾಗೆಯೇ ಮುಂದಿನ ಕಾಲಕ್ಕೂ ಹೋಗಬಹುದು: ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಮಳೆಗಾಲದ ನಿಷೇಧ ಶುರುವಾಗುವುದರಿಂದ, ‘ಬೈ ದ ಫಸ್ಟ್ ಆಫ್ ಜೂನ್ ದ ಟ್ರಾಲರ್ಸ್ ವಿಲ್ ಆಲ್ರೆಡಿ ಹ್ಯಾವ್ ರಿಟರ್ನ್ಡ್ ಟು ಬೈತಖೋಲ್’ (ನಮ್ಮ ಮೀನುಗಾರಿಕೆ ಬಂದರು) ಎನ್ನಬಹುದು.

ನಿಷೇಧಾರ್ಥದ ಪಾಠ ಚಿಕ್ಕದಾಗಿತ್ತು, ಇನ್ನೂ ದೊಡ್ಡದಾಗಿರಬೇಕಿತ್ತು. ‘ಹಿ ಕುಡ್ ನಾಟ್ ಪಾಸಿಬ್ಲಿ ಹ್ಯಾವ್ ನೋನ್’ ಎಂದರೆ ಆತನಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ; ‘ಹಿ ಕುಡ್ ಪಾಸಿಬ್ಲಿ ನಾಟ್ ಹ್ಯಾವ್ ನೋನ್’ ಎಂದರೆ ಗೊತ್ತಿಲ್ಲದೆಯೂ ಇದ್ದಿರಬಹುದು. ಎರಡು ಪದಗಳು ಜಾಗ ಬದಲಿಸಿದ್ದಷ್ಟೇ, ಒಂದು ಪೂರ್ಣ ಖುಲಾಸೆ, ಇನ್ನೊಂದು ಬರಿಯ ಸಂಶಯದ ಲಾಭ. ವಕೀಲರ ಕಚೇರಿಯಿಂದ ಬರುತ್ತಿದ್ದ ಇಬ್ಬರು ಇದನ್ನೂ, ‘ಓನ್ಲಿ’ಯ ಪಾಠವನ್ನೂ ತಮ್ಮ ಡೈರಿಯಲ್ಲಿ ಬರೆದುಕೊಂಡರು. ‘ಹಿ ಕುಡ್ ಓನ್ಲಿ ಹ್ಯಾವ್ ಸೀನ್ ಇಟ್ ಫ್ರಮ್ ದ ರೋಡ್’ ಎಂಬಲ್ಲಿ ‘ಓನ್ಲಿ’ ಯಾವುದನ್ನು ಕಟ್ಟಿಹಾಕುತ್ತದೆ ಎಂಬುದು ಓದುವವನ ಒತ್ತಿನ ಮೇಲೆ ನಿಂತಿದೆ, ‘ಸೀನ್ ಇಟ್ ಓನ್ಲಿ ಫ್ರಮ್ ದ ರೋಡ್’ ಎಂದರೆ ವಾದಕ್ಕೆ ಎಡೆ ಕಡಿಮೆ. ‘ನೆವರ್’ ಸಾಮಾನ್ಯವಾಗಿ ಮೋಡಲ್ಲಿನ ಬೆನ್ನಿಗೆ, ‘ಶುಡ್ ನೆವರ್ ಹ್ಯಾವ್’. ಅದನ್ನೇ ವಾಕ್ಯದ ತಲೆಗೆ ತಂದರೆ ಕರ್ತೃವಿಗಿಂತ ಮುಂದೆ ಜಿಗಿಯುವುದು ಮೋಡಲ್ ಮಾತ್ರ, ‘ಹ್ಯಾವ್’ ಇದ್ದಲ್ಲೇ ಇರುತ್ತದೆ: ‘ನೆವರ್ ಶುಡ್ ದಿಸ್ ಹ್ಯಾವ್ ಹ್ಯಾಪನ್ಡ್’. ಇಷ್ಟನ್ನೂ ಒಂದೇ ಸಂಜೆಯಲ್ಲಿ ಮುಗಿಸಿದ್ದು ಅವಸರವಾಯಿತು.

ಇನ್ನು ದೂರಿನ ಮಾತು. ಇಷ್ಟು ನವಿರಾಗಿ ಕಲಿಸುವ ತರಗತಿಯಲ್ಲಿ ಕೈಗೆ ಕೊಡುವ ಅಭ್ಯಾಸ ಪುಸ್ತಕ ಮಾತ್ರ ಬೇರೆಯೇ ಲೋಕದ್ದು. ಖಾಲಿ ಜಾಗ ತುಂಬಿ, ಸರಿಯಾದದ್ದಕ್ಕೆ ಗುರುತು ಹಾಕಿ ಎಂಬ ಮಾದರಿಯ ಪ್ರಶ್ನೆಗಳು, ಕೊನೆಯಲ್ಲಿ ಒಂದೊಂದಕ್ಕೂ ಒಂದೇ ಉತ್ತರ. ‘ಮಸ್ಟ್ ಆಲ್ರೆಡಿ ಹ್ಯಾವ್ ಲೆಫ್ಟ್’ ಎಂಬುದಕ್ಕೆ ಸರಿ ಗುರುತು, ‘ಮಸ್ಟ್ ಹ್ಯಾವ್ ಆಲ್ರೆಡಿ ಲೆಫ್ಟ್’ ಎಂಬುದಕ್ಕೆ ತಪ್ಪು. ‘ಕುಡ್ ಹ್ಯಾವ್ ಈಸಿಲಿ ವನ್’ ತಪ್ಪು. ‘ವುಡ್ ಹ್ಯಾವ್ ಪ್ರಾಬಬ್ಲಿ’ ತಪ್ಪು. ಔಪಚಾರಿಕ ಬರಹದಲ್ಲಿ ‘ವುಡ್ ಪ್ರಾಬಬ್ಲಿ ಹ್ಯಾವ್’ ಹೆಚ್ಚು ಒಪ್ಪುತ್ತದೆ ಎಂದಿದ್ದರೆ ಒಪ್ಪಬಹುದಿತ್ತು, ತಪ್ಪೆಂದು ಕೆಂಪು ಗೆರೆ ಎಳೆಯುವುದಕ್ಕೆ ಆಧಾರವಿಲ್ಲ. ಹಲಗೆಯ ಮೇಲೆ ಎರಡೂ ಸರಿ ಎಂದು ಒಪ್ಪಿದ ಮಾತನ್ನು ಪುಸ್ತಕ ಮನೆಯಲ್ಲಿ ಅಲ್ಲಗಳೆಯುತ್ತದೆ. ಅರ್ಥ ಬದಲಾಗುವ ಕಡೆಗಳಲ್ಲಿ, ಅಂದರೆ ‘ಪ್ರಾಪರ್ಲಿ’, ‘ಕ್ಲಿಯರ್ಲಿ’ಯಂಥ ಪದಗಳಲ್ಲಿ, ಪುಸ್ತಕ ಮೌನವಾಗಿದೆ, ಅರ್ಥ ಬದಲಾಗದ ಕಡೆಗಳಲ್ಲಿ ಕಟ್ಟುನಿಟ್ಟಾಗಿದೆ. ಇದಕ್ಕಿಂತ ತಲೆಕೆಳಗಾದ ಆದ್ಯತೆ ಇರಲಾರದು.

ಈ ಬಗ್ಗೆ ಕೇಳಿದಾಗ ಮೇಡಂ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಅರ್ಧದಷ್ಟಿದ್ದಾರೆ, ಅವರಿಗೆ ಒಂದೇ ಉತ್ತರ ಬೇಕು, ಎರಡು ಸರಿ ಎಂದರೆ ಅವರ ಅಪ್ಪಂದಿರು ಬಂದು ಕೇಳುತ್ತಾರೆ ಎಂದರು. ಅವರ ಕಷ್ಟ ಅರ್ಥವಾಗುತ್ತದೆ. ವಾಕ್ಯ ತಿದ್ದುವ ಪ್ರಶ್ನೆಗಳಲ್ಲಿ ನಾಲ್ಕು ಆಯ್ಕೆಗಳಿದ್ದು ಒಂದಕ್ಕೆ ಮಾತ್ರ ಅಂಕವಿದ್ದಾಗ, ಮೋಡಲ್ಲಿನ ಬೆನ್ನಿಗೇ ಇರುವ ಉತ್ತರವನ್ನು ಆರಿಸುವುದು ಜಾಣತನವೇ ಇರಬಹುದು. ಆದರೆ ಅದನ್ನು ಪರೀಕ್ಷೆಯ ಉಪಾಯವೆಂದು ಹೇಳಬೇಕು, ಭಾಷೆಯ ನಿಯಮವೆಂದು ಮುದ್ರಿಸಬಾರದು. ಪರೀಕ್ಷೆಯವರಿಗೂ ಬರೆಯುವವರಿಗೂ ಬೇರೆ ಬೇರೆ ಬ್ಯಾಚ್ ಮಾಡುವಷ್ಟು ಜನ ಈಗ ಬರುತ್ತಿದ್ದಾರೆ. ಮಾಡದಿರಲು ಕಾರಣ ಕಾಣುವುದಿಲ್ಲ.

ಉಳಿದ ವಿಷಯಗಳು ಚಿಕ್ಕಪುಟ್ಟವು. ಮಹಡಿಯ ತಗಡಿನ ಮಾಡಿನ ಮೇಲೆ ಜುಲೈ ಮಳೆ ಬಿದ್ದಾಗ ಹಿಂದಿನ ಸಾಲಿಗೆ ಒಂದಕ್ಷರ ಕೇಳಿಸುವುದಿಲ್ಲ, ಮುಂದೆ ಕೂರಬೇಕು. ಬೈಕ್ ನಿಲ್ಲಿಸಲು ಜಾಗ ಸಾಲದು. ಬರೆದುಕೊಂಡು ಹೋದ ಪುಟಗಳನ್ನು ಮೇಡಂ ಮನೆಗೆ ಒಯ್ದು, ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿ ಕ್ರಿಯಾವಿಶೇಷಣವನ್ನು ಎಲ್ಲಿಂದ ಎಲ್ಲಿಗೆ ಸರಿಸಬೇಕೆಂದು ತೋರಿಸಿ, ಪಕ್ಕದಲ್ಲಿ ಒಂದು ಸಾಲಿನ ಕಾರಣ ಬರೆದು ಕೊಡುತ್ತಾರೆ; 800 ರೂಪಾಯಿಯಲ್ಲಿ ಅರ್ಧ ಈ ಬಾಣಗಳಿಗೇ ಸಲ್ಲಬೇಕು. ಉಚ್ಚಾರಣೆ, ಒತ್ತು, ಮಾತಿನ ಓಟ ಕಲಿಯಬೇಕೆನ್ನುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಪರೀಕ್ಷೆ ಒಂದೇ ಗುರಿಯಾದವರಿಗೆ ಪುಸ್ತಕವನ್ನು ಮಾತ್ರ ಕೊಂಡರೂ ನಡೆದೀತು. ಇಂಗ್ಲಿಷಿನಲ್ಲಿ ವರದಿ, ದೂರು, ಉತ್ತರ ಬರೆದು ಅದರ ಕೆಳಗೆ ಸಹಿ ಹಾಕಬೇಕಾದವರು ಪುಸ್ತಕದ 150 ರೂಪಾಯಿ ಉಳಿಸಿ, ತಮ್ಮ ಕಚೇರಿಯ ಹಳೆಯ ಪತ್ರಗಳನ್ನು ಹೆಸರು ಅಳಿಸಿಕೊಂಡು ತರಗತಿಗೆ ಒಯ್ಯಲಿ. ಮುಂದಿನ ಬ್ಯಾಚು ಗಣೇಶ ಚೌತಿ ಮುಗಿದ ಮೇಲೆ ಶುರುವಾಗುತ್ತದೆ. ಹೆಸರು ಕೊಡಲು ಸಂಜೆ ಆರಕ್ಕೆ ಮೊದಲು ಮಹಡಿ ಹತ್ತಿದರೆ ಸಾಕು.